ವೇಗ ಕೇಳ್ತೀರಿ, ಬೀಗ ಯಾಕೆ ಕೇಳೋದಿಲ್ಲ?

ದಾವಣಗೆರೆಯ ಮಂಡಿಪೇಟೆಯಲ್ಲಿ ನಿಂತು ತಲೆ ಎತ್ತಿದರೆ ಆಕಾಶಕ್ಕಿಂತ ಮೊದಲು ಕಣ್ಣಿಗೆ ಬೀಳೋದು ವೈರು. ಕಂಬಕ್ಕೆ ಗಂಟು ಹಾಕಿದ ವೈರು, ಮಹಡಿಯಿಂದ ಮಹಡಿಗೆ ಜೋತುಬಿದ್ದ ವೈರು, ಯಾರದೆಂದು ಹೇಳೋರಿಲ್ಲದೆ ಸುರುಳಿ ಸುತ್ತಿ ನೇತುಹಾಕಿದ ವೈರು. ಟಿ.ವಿ. ಕೇಬಲ್ಲಿನ ಪಕ್ಕದಲ್ಲೇ ಈಗ ಇಂಟರ್‌ನೆಟ್ಟಿನ ಗಾಜಿನೆಳೆಯೂ ಬಂದು ಕೂತಿದೆ. ನಲ್ಲಿ ಬಂತೇ, ಕರೆಂಟು ಬಂತೇ ಎಂದು ವಿಚಾರಿಸುತ್ತಿದ್ದ ಜನ ಈಗ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಡದೆ ಕೇಳುವ ಪ್ರಶ್ನೆ ಒಂದೇ: "ನಿಮ್ಮನ್ಯಾಗ ನೆಟ್ ಎಷ್ಟು ಸ್ಪೀಡ್ ಐತ್ರೀ?"

ಒಬ್ಬರು ನೂರು ಅಂತಾರೆ. ಇನ್ನೊಬ್ಬರು ಮುನ್ನೂರು ಅಂತಾರೆ. ಆದರೆ ಸಂಜೆಯಾಯಿತೋ, ನೂರಿನವರೂ ಮುನ್ನೂರಿನವರೂ ಒಂದೇ ಗೋಳು ಹೇಳುತ್ತಾರೆ. ತಿಂಗಳ ದುಡ್ಡು ವಸೂಲಿಗೆ ಹುಡುಗ ಬಂದಾಗ ಯಾವ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಬೇಕಾದರೂ ಕೇಳಬಹುದಾದ ಸಂಭಾಷಣೆ ಇದು:

"ಏನಪಾ, ನೂರು ಅಂತ ಹೇಳಿ ರೊಕ್ಕ ಒಯ್ದಿ. ಸಂಜಿ ಆದ್ರೆ ಗಾಣದೆತ್ತು ತಿರುಗಿದಂಗೆ ಬರೀ ತಿರುಗ್ತತಿ!"

"ಸಾಹುಕಾರ್ರೆ, ಮ್ಯಾಲಿಂದನ ಪ್ರಾಬ್ಲಮ್ಮು. ಎಲ್ಲಾರಿಗೂ ಹಂಗೇ ಐತ್ರೀ."

ಮೇಲಿಂದ ಅಂದರೆ ಎಲ್ಲಿಂದ? ಅದನ್ನು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಇನ್ನೊಂದು ಪ್ರಶ್ನೆಯಂತೂ ಯಾರ ಬಾಯಲ್ಲೂ ಬರೋದೇ ಇಲ್ಲ. ಮನೆಯೊಳಗೆ ತಂದಿಟ್ಟ ಆ ದೀಪದ ಪೆಟ್ಟಿಗೆಗೆ ಬೀಗ ಇದೆಯೋ ಇಲ್ಲವೋ? ಇದ್ದರೆ ಬೀಗದ ಕೈ ಯಾರ ಹತ್ತಿರ ಇದೆ?

ಈ ಎರಡು ಪ್ರಶ್ನೆಗಳೂ ಬೇರೆ ಬೇರೆ ಅಲ್ಲ ಎನ್ನುವುದೇ ಇವತ್ತಿನ ವಿಚಾರ.

ನೂರರ ಲೆಕ್ಕ ಯಾವ ಅಳತೆಯಲ್ಲಿ?

ಮೊದಲು ತಕ್ಕಡಿ ನೋಡೋಣ. ಸಾಮಾನು ತೂಗುವ ವ್ಯಾಪಾರಿಗೆ ಇದು ಬೇಗ ತಿಳಿಯುತ್ತದೆ. ಕಂಪನಿಯವರು ನೂರು ಎಂಬಿಪಿಎಸ್ ಅನ್ನುವಾಗ ಅಳೆಯೋದು ಬಿಟ್ ಲೆಕ್ಕದಲ್ಲಿ. ನಿಮ್ಮ ಮೊಬೈಲು ಒಂದು ಸಿನಿಮಾ ಎಷ್ಟು ದೊಡ್ಡದು ಎಂದು ತೋರಿಸೋದು ಬೈಟ್ ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ನೂರು ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಇಳಿಯುವ ಸರಕು ಹೆಚ್ಚೆಂದರೆ 12.5 ಮೆಗಾಬೈಟ್ ಮಾತ್ರ. ಒಂದು ಜಿ.ಬಿ. ಇಳಿಯಲು ಎಲ್ಲವೂ ಸರಿಯಾಗಿದ್ದರೂ 80 ಸೆಕೆಂಡ್ ಬೇಕು. ಇದು ಮೋಸವಲ್ಲ, ಅಳತೆ ಬೇರೆ ಅಷ್ಟೆ. ಸೇರಿನ ಲೆಕ್ಕವನ್ನು ಕಿಲೋ ಅಂದುಕೊಂಡು ಜಗಳಕ್ಕೆ ಹೋದರೆ ನಾವೇ ಸೋಲುತ್ತೇವೆ.

ಎರಡನೆಯದು, ಜಾಹೀರಾತಿನ "ವರೆಗೆ" ಎಂಬ ಮಾತು. ನೂರು ಎಂಬಿಪಿಎಸ್ "ವರೆಗೆ" ಎಂದರೆ ನೂರು ದಾಟುವುದಿಲ್ಲ ಎಂದು ಅರ್ಥವೇ ಹೊರತು ಸದಾ ನೂರು ಸಿಗುತ್ತದೆ ಎಂದಲ್ಲ. ಹಾಗಾದರೆ ಕನಿಷ್ಠ ಎಷ್ಟು ಕೊಡಬೇಕು? 2004ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ತಂದಾಗ 256 ಕೆಬಿಪಿಎಸ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್. 2023ರ ಜನವರಿಯಲ್ಲಿ ಆ ಗೆರೆಯನ್ನು 2 ಎಂಬಿಪಿಎಸ್‌ಗೆ ಏರಿಸಿದರು. ನೂರಕ್ಕೆ ದುಡ್ಡು ಕೊಟ್ಟವನಿಗೂ ಸರ್ಕಾರದ ವ್ಯಾಖ್ಯೆಯಲ್ಲಿ ಇರುವ ಗೆರೆ ಎರಡೇ!

ಮೂರನೆಯದು, ತಿಂಗಳ ಮಿತಿ. ಇಷ್ಟು ಜಿ.ಬಿ. ಬಳಸಿದ ಮೇಲೆ ವೇಗ ಇಳಿಸುತ್ತೇವೆ ಎಂಬ ಷರತ್ತು ಅನೇಕ ಪ್ಲಾನುಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮಿತಿ ಎಷ್ಟು, ಮಿತಿ ದಾಟಿದ ಮೇಲೆ ವೇಗ ಎಷ್ಟು ಎಂಬುದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2016ರಲ್ಲೇ ಕಂಪನಿಗಳಿಗೆ ಅಪ್ಪಣೆ ಮಾಡಿದೆ. ತಿಂಗಳ ಕೊನೆಯ ವಾರದಲ್ಲಿ ಮಾತ್ರ ನೆಟ್ ಕುಂಟಿದರೆ ಕಾರಣ ಬಹುಶಃ ಇದೇ.

ಸಂಜೆಯ ಸಂತೆ

ಇನ್ನು "ಮೇಲಿಂದನ ಪ್ರಾಬ್ಲಮ್ಮಿ"ಗೆ ಬರೋಣ. ಗಾಜಿನೆಳೆಯ ಲೈನು ನಿಮ್ಮ ಮನೆಗೆ ಕಂಪನಿಯಿಂದ ನೇರವಾಗಿ ಒಂಟಿಯಾಗಿ ಬರುವುದಿಲ್ಲ. ಬಡಾವಣೆಗೆ ಒಂದು ಎಳೆ ಬರುತ್ತದೆ. ಅದನ್ನು ಕಂಬದ ಮೇಲಿನ ಡಬ್ಬಿಯಲ್ಲಿ ಕವಲು ಒಡೆಸಿ 32 ಮನೆಗೋ 64 ಮನೆಗೋ ಹಂಚುತ್ತಾರೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಪದ್ಧತಿಯಲ್ಲಿ ಆ ಒಂದು ಎಳೆಯ ಇಳಿಸುವ ಶಕ್ತಿ ಸುಮಾರು 2,500 ಎಂಬಿಪಿಎಸ್, ಏರಿಸುವ ಶಕ್ತಿ ಅದರ ಅರ್ಧ. 64 ಮನೆಯವರೂ ಒಂದೇ ಗಳಿಗೆಯಲ್ಲಿ ಪೂರ್ತಿ ಎಳೆದರೆ ತಲೆಗೆ ಬೀಳೋದು 39 ಚಿಲ್ಲರೆ.

ನಗರಸಭೆಯ ನಲ್ಲಿಯನ್ನೇ ನೋಡಿ. ಬೆಳಗಿನ ಜಾವ ಬರುವ ನೀರಿಗೂ ಬೀದಿಯವರೆಲ್ಲ ತೊಟ್ಟಿ ತುಂಬಿಸುವಾಗ ಬರುವ ನೀರಿಗೂ ವ್ಯತ್ಯಾಸ ಇಲ್ಲವೇ? ಇದೂ ಹಾಗೆಯೇ. ಎಲ್ಲರೂ ಒಟ್ಟಿಗೆ ಎಳೆಯುವುದು ಅಪರೂಪ, ಆದ್ದರಿಂದ ಹಂಚುವುದು ತಪ್ಪಲ್ಲ. ತಪ್ಪಾಗೋದು ಇನ್ನೂ ಮೇಲೆ. ಊರಿನ ಕೇಬಲ್ಲಿನವರು ದೊಡ್ಡ ಕಂಪನಿಯಿಂದ ಸಗಟಿನಲ್ಲಿ ಒಂದಷ್ಟು ವೇಗ ಕೊಂಡು, ಚಿಲ್ಲರೆಯಾಗಿ ಊರಿಗೆ ಹಂಚುತ್ತಾರೆ. ಗಿರಾಕಿ ಹೆಚ್ಚಾದಂತೆ ಸಗಟು ಖರೀದಿಯೂ ಹೆಚ್ಚಬೇಕು. ಹೆಚ್ಚಿಸದೆ ಹೊಸ ವೈರು ಎಳೆಯುತ್ತಾ ಹೋದರೆ ಸಂಜೆ ಏಳರಿಂದ ಹತ್ತರವರೆಗೆ ಎಲ್ಲರ ಮನೆಯಲ್ಲೂ ಗಾಣದೆತ್ತು ತಿರುಗಲೇಬೇಕು.

ಇದನ್ನು ಪತ್ತೆ ಹಚ್ಚುವುದು ಸುಲಭ. ಪೆಟ್ಟಿಗೆಗೆ ಕಂಪ್ಯೂಟರನ್ನು ವೈರಿನಲ್ಲೇ ಜೋಡಿಸಿ, ಬೇರೆಲ್ಲ ನಿಲ್ಲಿಸಿ, ಬೆಳಿಗ್ಗೆ ಆರಕ್ಕೊಮ್ಮೆ ರಾತ್ರಿ ಒಂಬತ್ತಕ್ಕೊಮ್ಮೆ ವೇಗ ಅಳೆಯಿರಿ. ಬೆಳಿಗ್ಗೆ ತೊಂಬತ್ತು, ರಾತ್ರಿ ಹತ್ತು ಬಂದರೆ ತಪ್ಪು ಮೇಲಿನದು. ವೈರಿನಲ್ಲಿ ಎರಡು ಹೊತ್ತೂ ತೊಂಬತ್ತು ಬಂದು ಮೊಬೈಲಿನಲ್ಲಿ ಮಾತ್ರ ಹತ್ತು ಬಂದರೆ ತಪ್ಪು ನಿಮ್ಮ ಮನೆಯದು. ಪೆಟ್ಟಿಗೆಯನ್ನು ಗಾಡ್ರೇಜ್ ಬೀರುವಿನ ಹಿಂದೆ ಇಟ್ಟು, ಅಡುಗೆಮನೆಯ ಮೂಲೆಗೆ ನೆಟ್ ಬರಬೇಕೆಂದರೆ ಹೇಗೆ? 5 ಗಿಗಾಹರ್ಟ್ಸ್ ವೈ-ಫೈ ವೇಗದ್ದು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ನಡೆಯುತ್ತದೆ. ಇನ್ನು ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಮಿಣುಕಿದರೆ ಗಾಜಿನೆಳೆಯಲ್ಲಿ ಬೆಳಕೇ ಬರುತ್ತಿಲ್ಲ ಎಂದು ತಿಳಿಯಿರಿ. ಎಷ್ಟು ಸಲ ಆಫ್-ಆನ್ ಮಾಡಿದರೂ ಪ್ರಯೋಜನವಿಲ್ಲ, ಲೈನ್‌ಮನ್ನೇ ಬರಬೇಕು.

ಬೆಳಿಗ್ಗೆ, ರಾತ್ರಿ, ವೈರು, ವೈ-ಫೈ ಎಲ್ಲವನ್ನೂ ನೋಡಿದ್ದಾಯಿತು, ಆದರೂ ನೆಟ್ ತೆವಳುತ್ತಿದೆ ಎಂದರೆ? ಆಗ ಕೇಳಬೇಕಾದ ಪ್ರಶ್ನೆ: ನಮ್ಮ ಲೈನನ್ನು ಬೇರೆ ಯಾರಾದರೂ ಬಳಸುತ್ತಿದ್ದಾರೆಯೇ?

2017ರ ಜುಲೈನಲ್ಲಿ ಆದದ್ದು

ಇದು ದೂರದ ಮಾತಲ್ಲ, ಕರ್ನಾಟಕದಲ್ಲೇ ನಡೆದದ್ದು. 2017ರ ಜುಲೈ ಕೊನೆಯ ವಾರ ನಮ್ಮ ರಾಜ್ಯದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್ಮುಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದವು. ಕೇಬಲ್ ಕಡಿದಿರಲಿಲ್ಲ, ಕರೆಂಟು ಹೋಗಿರಲಿಲ್ಲ. ಹೊರಗಿನಿಂದ ಬಂದ ಒಂದು ದುಷ್ಟ ತಂತ್ರಾಂಶ ಮನೆಮನೆಯ ಮೋಡೆಮ್ಮಿನೊಳಗೆ ಹೊಕ್ಕು ಅದನ್ನು ಕೆಡಿಸಿತ್ತು. ಮೊದಲು ಕೇಳಿಬಂದ ಲೆಕ್ಕ ಎರಡು ಸಾವಿರ ಮೋಡೆಮ್ಮು. ಆಮೇಲಿನ ವರದಿಗಳಲ್ಲಿ ಅದು ಅರವತ್ತು ಸಾವಿರಕ್ಕೆ ಏರಿತು.

ಕಳ್ಳ ಹೇಗೆ ಬಂದ? ಕನ್ನ ಕೊರೆದು ಬರಲಿಲ್ಲ ಸ್ವಾಮಿ, ಬಾಗಿಲಿನಿಂದಲೇ ಬಂದ! ಆ ಮೋಡೆಮ್ಮುಗಳಲ್ಲಿ ಕಾರ್ಖಾನೆಯಿಂದ ಬರುವಾಗ ಇಟ್ಟಿದ್ದ ಪಾಸ್‌ವರ್ಡ್ "ಅಡ್ಮಿನ್". ಗ್ರಾಹಕರು ಅದನ್ನು ಬದಲಿಸಿರಲಿಲ್ಲ, ಬದಲಿಸಬೇಕೆಂದು ಅವರ ಮನೆಗೆ ಬಂದು ಹೇಳಿದವರೂ ಇರಲಿಲ್ಲ. ಊರಿಗೆಲ್ಲ ಒಂದೇ ಬೀಗದ ಕೈ! ಅನಾಹುತ ಆದ ಮೇಲೆ ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಬಿಎಸ್‌ಎನ್‌ಎಲ್ ಗ್ರಾಹಕರಿಗೆ ಸೂಚನೆ ಹೊರಡಿಸಿತು. ಮರುತಿಂಗಳು ಹೆಸರು ಮರೆಸಿಕೊಂಡ ಒಬ್ಬ, ಇದು ತನ್ನ "ಬ್ರಿಕರ್‌ಬಾಟ್" ತಂತ್ರಾಂಶದ ಕೆಲಸ ಎಂದು ಹೇಳಿಕೊಂಡ.

ಆಗಿನ ವರದಿಗಳಲ್ಲಿ ಇನ್ನೊಂದು ಅಂಶವೂ ಹೊರಬಿತ್ತು. ಪ್ರತಿ ಮೋಡೆಮ್ಮಿಗೂ ಕಂಪನಿಯವರು ದೂರದಿಂದಲೇ ರಿಪೇರಿ ಮಾಡಲು ಒಂದು ಹಿತ್ತಲ ಬಾಗಿಲು ಇರುತ್ತದೆ. ಅದು ಕಂಪನಿಗೆ ಮಾತ್ರ ತೆರೆಯಬೇಕು. ಇಲ್ಲಿ ಹೊರಗಿನ ಯಾರು ಬೇಕಾದರೂ ಆ ಬಾಗಿಲು ತಟ್ಟಬಹುದಾಗಿತ್ತು. ಇಂಥದೇ ಬಾಗಿಲಿನ ಮೇಲೆ ನಡೆದ ದಾಳಿಯಿಂದ 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂ ಕಂಪನಿಯ ಸುಮಾರು ಒಂಬತ್ತು ಲಕ್ಷ ಗ್ರಾಹಕರ ನೆಟ್ ಕೆಟ್ಟಿತ್ತು. ಅದು ನಡೆದು ಎಂಟು ತಿಂಗಳಾಗಿದ್ದರೂ ನಮ್ಮ ಹಿತ್ತಲ ಬಾಗಿಲಿಗೆ ಅಗುಳಿ ಬಿದ್ದಿರಲಿಲ್ಲ!

ಮೋಡೆಮ್ ಕೆಟ್ಟರೆ ಗೊತ್ತಾದರೂ ಆಗುತ್ತದೆ. ಕೆಡದೆ ಕಳ್ಳನ ಕೈಯಾಳಾದರೆ ಗೊತ್ತೇ ಆಗೋದಿಲ್ಲ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವು ಗಂಟೆಗಟ್ಟಲೆ ಸಿಗದಂತೆ ಮಾಡಿದ "ಮಿರಾಯ್" ಸೈನ್ಯದಲ್ಲಿ ಇದ್ದದ್ದು ಯಾವುದೋ ಭಾರಿ ಕಂಪ್ಯೂಟರ್‌ಗಳಲ್ಲ. ಮನೆಯ ರೂಟರ್‌ಗಳು, ಕಾವಲು ಕ್ಯಾಮೆರಾಗಳು, ಕ್ಯಾಮೆರಾದ ಚಿತ್ರ ತುಂಬಿಡುವ ಡಿವಿಆರ್ ಪೆಟ್ಟಿಗೆಗಳು. ಅವನ್ನು ತೆರೆಯಲು ಬಳಸಿದ್ದು ಸುಮಾರು ಅರವತ್ತು ಸಿದ್ಧ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ಅಂಗಡಿ ಕಾಯಲೆಂದು ಹಾಕಿಸಿದ ಕ್ಯಾಮೆರಾವೇ ಕಳ್ಳರ ಪಡೆಗೆ ಸೇರಿತು!

ಅಂಥ ಪೆಟ್ಟಿಗೆ ಹಗಲೂ ರಾತ್ರಿ ನಿಮ್ಮ ಲೈನಿನಿಂದ ಸರಕು ಹೊರಗೆ ಕಳಿಸುತ್ತಿರುತ್ತದೆ. ಏರಿಸುವ ಶಕ್ತಿ ಮೊದಲೇ ಕಡಿಮೆ, ಅದೂ ಕವಲಿನ ಮನೆಗಳೆಲ್ಲ ಹಂಚಿಕೊಂಡದ್ದು. ನಿಮ್ಮ ಮನೆಗೆ ಬೀಗವಿಲ್ಲದಿದ್ದರೆ ಪಕ್ಕದ ಮನೆಯ ವೇಗಕ್ಕೂ ಕುತ್ತು ಬರಬಹುದು. ವೇಗಕ್ಕೂ ಬೀಗಕ್ಕೂ ಇರುವ ನಂಟು ಇದೇ.

ಬೋರ್ಡಿನ ಮೇಲೆ ಬೀಗದ ಕೈ

ನಮ್ಮ ಪೇಟೆಯ ಸ್ಥಿತಿ ಹೇಗಿದೆ? ವೈ-ಫೈ ಜೋಡಿಸಲು ಬಂದ ಹುಡುಗನಿಗೆ ಹತ್ತು ಮನೆಯ ಕೆಲಸ ಬಾಕಿ. "ಪಾಸ್‌ವರ್ಡ್ ಏನ್ ಇಡ್ಲಿ ಅಂಕಲ್? ನಿಮ್ಮ ಮೊಬೈಲ್ ನಂಬರೇ ಇಡ್ತೀನಿ, ನೆನಪಿರ್ತತಿ" ಅಂತಾನೆ. ನಾವೂ "ಹೂಂ" ಅಂತೇವೆ. ಅದೇ ನಂಬರು ಅಂಗಡಿಯ ಬೋರ್ಡಿನ ಮೇಲೆ ಒಂದಡಿ ಅಕ್ಷರದಲ್ಲಿ ಬರೆದಿರುತ್ತದೆ! ಬಿಲ್ಲಿನ ಮೇಲೂ ಇದೆ, ಕೈಚೀಲದ ಮೇಲೂ ಇದೆ. ಬೀಗ ಹಾಕಿ ಕೈಯನ್ನು ಬಾಗಿಲಿಗೇ ನೇತುಹಾಕುವುದು ಅಂದರೆ ಇದೇ ಅಲ್ಲವೇ?

ಎದುರು ಕಟ್ಟೆಯ ಹುಡುಗರು ಕೂತು ಸಿನಿಮಾ ನೋಡಿದರೆ ಹೋಗಲಿ, ವೇಗ ಮಾತ್ರ ಹೋಯಿತು ಅನ್ನಬಹುದು. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. 2008ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಬಾಂಬ್ ಸ್ಫೋಟವಾದಾಗ ಭಯೋತ್ಪಾದಕರ ಇ-ಮೇಲ್ ಹೊರಟದ್ದು ನವಿ ಮುಂಬಯಿಯ ಒಂದು ಮನೆಯ ವೈ-ಫೈಯಿಂದ. ಮನೆಯವರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಪೊಲೀಸರು ಮೊದಲು ಹೋದದ್ದು ಆ ಮನೆಗೇ. ಹೊರಗಿನ ಲೋಕಕ್ಕೆ ಕಾಣುವುದು ಲೈನು ಯಾರ ಹೆಸರಿನಲ್ಲಿದೆ ಎಂಬುದು, ಯಾರು ಬಳಸಿದರು ಎಂಬುದಲ್ಲ. ನಾವಲ್ಲ ಎಂದು ಹೇಳಿ ಪಾರಾಗುವಷ್ಟರಲ್ಲಿ ಅಂಗಡಿ ಬಾಗಿಲು ಎಷ್ಟು ದಿನ ಮುಚ್ಚಿರಬೇಕೋ!

ಇನ್ನೂ ಒಂದು ಉಪಾಯವಿದೆ. ನೀವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ಅದರ ವಿಳಾಸ ಎಲ್ಲಿದೆ ಎಂದು ಪೆಟ್ಟಿಗೆಯು ಒಂದು ವಿಳಾಸಪುಸ್ತಕವನ್ನು ಕೇಳುತ್ತದೆ. ಕಳ್ಳ ಆ ಪುಸ್ತಕವನ್ನೇ ಬದಲಿಸಿಬಿಟ್ಟರೆ ನೀವು ಸರಿಯಾಗಿ ಟೈಪ್ ಮಾಡಿದರೂ ಹೋಗಿ ನಿಲ್ಲುವುದು ನಕಲಿ ಬ್ಯಾಂಕಿನ ಮುಂದೆ. ಬ್ರೆಜಿಲ್ ದೇಶದಲ್ಲಿ 2011ರಿಂದ ಸುಮಾರು 45 ಲಕ್ಷ ಮೋಡೆಮ್ಮುಗಳಿಗೆ ಹೀಗೆ ಮಾಡಿದ್ದರು. ಬ್ಯಾಂಕುಗಳು ಈಗ ತಮ್ಮ ಮಾತುಕತೆಯನ್ನು ಗೂಢಲಿಪಿಯಲ್ಲಿ ನಡೆಸುವುದರಿಂದ ಈ ಆಟ ಮೊದಲಿನಷ್ಟು ಸಲೀಸಲ್ಲ. "ಈ ಪುಟ ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ. ಇರಲಿ ಬಿಡು ಎಂದು ಮುಂದೆ ಒತ್ತಿದರೆ ಮಾತ್ರ ದೇವರೇ ಗತಿ.

ಜವಾಬ್ದಾರಿ ಯಾರದು?

ಎಲ್ಲವನ್ನೂ ಗಿರಾಕಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಬೀದಿಬದಿಯ ಚಹಾದಂಗಡಿಯವರು ಮೋಡೆಮ್ಮಿನ ಒಳಪುಟ ತೆರೆದು ತಂತ್ರಾಂಶ ಪರೀಕ್ಷೆ ಮಾಡುತ್ತಾ ಕೂರಬೇಕೇ? ಪೆಟ್ಟಿಗೆ ತಂದವರು ಯಾರು? ಕಂಪನಿಯವರು. ಪಾಸ್‌ವರ್ಡ್ ಇಟ್ಟವರು ಯಾರು? ಅವರೇ. ಹಿತ್ತಲ ಬಾಗಿಲಿನ ಕೈ ಯಾರ ಬಳಿ? ಅದೂ ಅವರ ಬಳಿಯೇ.

ಕಾನೂನು ಇಲ್ಲವೆಂದಲ್ಲ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ದಾಖಲೆ ಇಟ್ಟಿರಬೇಕು ಎಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ. 2024ರ ನವೆಂಬರಿನಲ್ಲಿ ಬಂದ ದೂರಸಂಪರ್ಕ ಸೈಬರ್ ಭದ್ರತಾ ನಿಯಮಗಳ ಪ್ರಕಾರ ಕಂಪನಿಗಳು ಭದ್ರತೆಗೆಂದೇ ಒಬ್ಬ ಮುಖ್ಯ ಅಧಿಕಾರಿಯನ್ನು ನೇಮಿಸಬೇಕು. ಇವೆಲ್ಲ ದಿಲ್ಲಿ ಮಟ್ಟದ ಮಾತಾಯಿತು. ವರದಿ ಹೋಗುವುದು ಸರ್ಕಾರಕ್ಕೆ. ವಿದ್ಯಾನಗರದ ಮನೆಯ ಪೆಟ್ಟಿಗೆಗೆ ಯಾವ ಪಾಸ್‌ವರ್ಡ್ ಇಟ್ಟರು ಎಂದು ಬಂದು ನೋಡುವವರು ಯಾರು?

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಜಾರಿಯಲ್ಲಿದೆ. ಮನೆಬಳಕೆಯ ಇಂಥ ಉಪಕರಣಗಳನ್ನು ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ. ಎಷ್ಟು ವರ್ಷ ತಂತ್ರಾಂಶ ಸರಿಪಡಿಸಿ ಕೊಡುತ್ತೇವೆ ಎಂಬುದನ್ನೂ ಮಾರುವಾಗಲೇ ಹೇಳಬೇಕು. ಇದರಲ್ಲಿ ರಾಕೆಟ್ ವಿದ್ಯೆ ಏನಿದೆ? ಪೆಟ್ಟಿಗೆಗೊಂದು ಬೇರೆ ಪಾಸ್‌ವರ್ಡ್, ಅದರ ತಳದಲ್ಲಿ ಒಂದು ಚೀಟಿ. ನಮ್ಮ ಊರಿನ ಕೇಬಲ್ಲಿನವರೂ ಮನಸ್ಸು ಮಾಡಿದರೆ ನಾಳೆಯಿಂದಲೇ ಮಾಡಬಹುದು.

ಇವತ್ತು ಮನೆಗೆ ಹೋಗಿ ಮಾಡಬೇಕಾದದ್ದು

ಅಲ್ಲಿಯವರೆಗೆ ನಮ್ಮ ಬಾಗಿಲಿಗೆ ನಾವೇ ಅಗುಳಿ ಹಾಕಿಕೊಳ್ಳಬೇಕು. ಅರ್ಧ ಗಂಟೆಯ ಕೆಲಸ. ಮನೆಯ ಕಾಲೇಜು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಒಂದು: ಪೆಟ್ಟಿಗೆಯ ಬೆನ್ನ ಮೇಲೆ ಒಂದು ಅಂಕಿ-ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.1.1 ಎಂದು. ಅದನ್ನು ತೆರೆದರೆ ಒಳಪುಟ ಬರುತ್ತದೆ. ಅಲ್ಲಿ ಪಾಸ್‌ವರ್ಡ್ ಇನ್ನೂ "ಅಡ್ಮಿನ್" ಇದ್ದರೆ ಈಗಲೇ ಬದಲಿಸಿ. ಬದಲಿಸಲು ಬಿಡದಿದ್ದರೆ ಕೇಬಲ್ಲಿನವರನ್ನು ಕರೆದು ಎದುರಿಗೇ ಬದಲಿಸಿ ಎನ್ನಿ.

ಎರಡು: ವೈ-ಫೈ ಪಾಸ್‌ವರ್ಡ್ ಕನಿಷ್ಠ ಎಂಟು ಅಕ್ಷರ ಇರಲೇಬೇಕು, ಹದಿನೈದು ಇದ್ದರೆ ಒಳ್ಳೆಯದು. ಫೋನ್ ನಂಬರ್ ಬೇಡ, ಅಂಗಡಿಯ ಹೆಸರು ಬೇಡ, ಮಗಳ ಹೆಸರೂ ಬೇಡ. ಒಂದಕ್ಕೊಂದು ನಂಟಿಲ್ಲದ ನಾಲ್ಕು ಮಾತು ಜೋಡಿಸಿ. ಭದ್ರತೆಯ ವಿಧ ಡಬ್ಲ್ಯುಪಿಎ-2 ಅಥವಾ ಡಬ್ಲ್ಯುಪಿಎ-3 ಇರಲಿ.

ಮೂರು: ಅದೇ ಪುಟದಲ್ಲಿ ಈಗ ಯಾವ ಯಾವ ಸಾಧನ ಜೋಡಿಸಿಕೊಂಡಿವೆ ಎಂಬ ಪಟ್ಟಿ ಸಿಗುತ್ತದೆ. ಮನೆಯಲ್ಲಿ ನಾಲ್ಕು ಮೊಬೈಲ್ ಇದ್ದು ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದರೆ ನಿಮ್ಮ ವೇಗ ಎಲ್ಲಿ ಹೋಗುತ್ತಿದೆ ಎಂದು ಹೇಳಬೇಕಿಲ್ಲ.

ನಾಲ್ಕು: ಅಂಗಡಿಗೆ ಬಂದ ಗಿರಾಕಿಗಳಿಗೆ ವೈ-ಫೈ ಕೊಡಲೇಬೇಕಾದರೆ "ಗೆಸ್ಟ್" ಹೆಸರಿನ ಬೇರೆ ವೈ-ಫೈ ತೆರೆದು ಅದಕ್ಕೂ ಪಾಸ್‌ವರ್ಡ್ ಇಡಿ. ಬಿಲ್ಲಿಂಗ್ ಕಂಪ್ಯೂಟರೂ ಕ್ಯಾಮೆರಾವೂ ಅದರಲ್ಲಿ ಇರಬಾರದು.

ಐದು: ಕ್ಯಾಮೆರಾ ಪೆಟ್ಟಿಗೆಯ ಪಾಸ್‌ವರ್ಡನ್ನೂ ಬದಲಿಸಿ. ಜೋಡಿಸಿ ಹೋದ ಹುಡುಗನಿಗೆ ಮಾತ್ರ ಗೊತ್ತಿರುವ ಪಾಸ್‌ವರ್ಡ್ ನಿಮ್ಮದಲ್ಲ, ಅವನದು.

ದೂರು ಕೊಡುವ ದಾರಿಯೂ ಇದೆ. ಬಿಲ್ಲಿನ ಮೇಲೆ ಯಾವ ಕಂಪನಿಯ ಹೆಸರಿದೆ ನೋಡಿ, ಅದರ ದೂರು ಕೇಂದ್ರಕ್ಕೇ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನಂಬರ್ ಇಲ್ಲದ ದೂರು ಗಾಳಿಗೆ ಹೇಳಿದ ಮಾತು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ನೆಟ್ಟಿನಲ್ಲಿ ದುಡ್ಡು ಕಳೆದುಕೊಂಡರೆ ಮಾತ್ರ ತಡ ಮಾಡದೆ 1930ಕ್ಕೆ ಫೋನ್ ಹಚ್ಚಿ.

ಮುಂದಿನ ತಿಂಗಳು ವಸೂಲಿಗೆ ಹುಡುಗ ಬಂದಾಗ ಅವನ ಮೇಲೆ ರೇಗಬೇಡಿ, ಅವನೂ ದುಡಿಯುವವನೇ. ದುಡ್ಡು ಕೊಡುವ ಮುನ್ನ ಅವನ ಮಾಲೀಕರಿಗೆ ಮೂರೇ ಪ್ರಶ್ನೆ ಕಳಿಸಿ: ಸಂಜೆ ಒಂಬತ್ತಕ್ಕೆ ನಮಗೆ ಎಷ್ಟು ವೇಗ ಕೊಡ್ತೀರಿ? ನಮ್ಮ ಪೆಟ್ಟಿಗೆಯ ಪಾಸ್‌ವರ್ಡ್ ಪಕ್ಕದ ಮನೆಯದೇನಾ, ಬೇರೆಯಾ? ಅದರ ತಂತ್ರಾಂಶ ಕೊನೆಯ ಸಲ ಸರಿಪಡಿಸಿದ್ದು ಯಾವಾಗ?

ಒಬ್ಬರು ಕೇಳಿದರೆ ನಗುತ್ತಾರೆ. ಮಂಡಿಪೇಟೆಯ ಅಂಗಡಿಯವರೆಲ್ಲ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಸಂಬಂಧಪಟ್ಟ ಕಂಪನಿಯವರು, ಊರಿನ ಕೇಬಲ್ ಮಾಲೀಕರು ಇನ್ನಾದರೂ ಇತ್ತ ಗಮನ ಹರಿಸುವರೇ?